ಸ್ಟಡಿ ಗ್ರೂಪಿಗೆ ಬಾಗಿಲು, ಬಾಗಿಲಿಗೊಂದು ಬಾಟ್

ಧಾರವಾಡದ ಸಪ್ತಾಪುರದಲ್ಲಿ ನಮ್ಮದೊಂದು ರೀಡಿಂಗ್ ರೂಮ್ ಇದೆ. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ ಅಂತ ಸರಕಾರಿ ಕೆಲಸದ ಪರೀಕ್ಷೆಗೆ ಓದುವವರು ಬೆಳಗ್ಗೆ ಬಂದು ಕೂತರೆ ರಾತ್ರಿಯವರೆಗೂ ಏಳುವುದಿಲ್ಲ. ಅವರಲ್ಲಿ ಹುಡುಗಿಯರೇ ಜಾಸ್ತಿ. ವಿಜಯಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳ ಕಡೆಯಿಂದ ಬಂದು ಪಿಜಿ ಹಿಡಿದವರು. ಇವರಿಗೆ ಆನ್‌ಲೈನ್ ಗ್ರೂಪ್ ಇಲ್ಲದೆ ನಡೆಯುವುದಿಲ್ಲ. ನೋಟ್ಸ್, ಹಳೆ ಪ್ರಶ್ನೆಪತ್ರಿಕೆ, ಅಧಿಸೂಚನೆ, ಕೀ ಉತ್ತರ, ಎಲ್ಲ ಓಡಾಡುವುದು ಅಲ್ಲೇ.

ಅಂಥ ಗ್ರೂಪನ್ನು ಹೆಣ್ಣುಮಕ್ಕಳು ನೆಮ್ಮದಿಯಿಂದ ಬಳಸುವ ಹಾಗೆ ಕಟ್ಟುವುದು ಹೇಗೆ, ಅದನ್ನು ಕಾಯಲು ಬಾಟ್ ಅನ್ನುವ ಪ್ರೋಗ್ರಾಂ ಇಡುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನಾನು ಕಂಪ್ಯೂಟರ್ ಓದಿದವಳಲ್ಲ, ಕೋಡ್ ಬರೆಯಲು ಬರುವುದಿಲ್ಲ. ಕೆಳಗಿನದೆಲ್ಲ ಫೋನಿನಲ್ಲೇ ಮಾಡುವಂಥದ್ದು. ಮಹಿಳಾ ಸಂಘ, ಅಪಾರ್ಟ್‌ಮೆಂಟ್, ಶಾಲೆಯ ಹಳೆ ವಿದ್ಯಾರ್ಥಿಗಳು, ಯಾರ ಗ್ರೂಪಿಗಾದರೂ ಸ್ವಲ್ಪ ಆಚೀಚೆ ಮಾಡಿ ಬಳಸಬಹುದು.

ಮೊದಲು ನಂಬರು ಮುಚ್ಚಿ

ಸಾಮಾನ್ಯ ವಾಟ್ಸಾಪ್ ಗ್ರೂಪಿಗೆ ಸೇರಿದಿರಿ ಅಂದರೆ ನಿಮ್ಮ ಫೋನ್ ನಂಬರು ಅಲ್ಲಿರುವ ಅಷ್ಟೂ ಜನರ ಕೈಗೆ ಹೋಯಿತು ಅಂತಲೇ ಲೆಕ್ಕ. ರಾತ್ರಿ ಹತ್ತರ ಮೇಲೆ ‘ಊಟ ಆಯ್ತಾ ಸಿಸ್ಟರ್, ಯಾವ ಪಿಜಿ ನಿಮ್ದು?’ ಅಂತ ಶುರುವಾಗುತ್ತದೆ. ಬ್ಲಾಕ್ ಮಾಡಿದರೆ ಬೇರೆ ನಂಬರಿನಿಂದ ಬರುತ್ತಾರೆ. ಗ್ರೂಪಿನ ಅಡ್ಮಿನ್ ಎಷ್ಟೇ ಒಳ್ಳೆಯವನಿದ್ದರೂ ಒಮ್ಮೆ ಹೋದ ನಂಬರನ್ನು ವಾಪಸ್ ತರಲಾರ. ಹಾಗಾಗಿ ನನ್ನ ಮಟ್ಟಿಗೆ ಸುರಕ್ಷತೆಯ ಮುಕ್ಕಾಲು ಪಾಲು ಕೆಲಸ ಈ ಒಂದು ನಂಬರಿನದು.

ವಾಟ್ಸಾಪ್ ಕಮ್ಯೂನಿಟಿಯ ಪ್ರಕಟಣೆ ಗ್ರೂಪಿನಲ್ಲಿ ಸದಸ್ಯರ ನಂಬರು ಉಳಿದ ಸದಸ್ಯರಿಗೆ ಕಾಣುವುದಿಲ್ಲ, ನಿಜ. ಆದರೆ ಅಲ್ಲಿ ಮೆಸೇಜ್ ಹಾಕುವುದು ಅಡ್ಮಿನ್ ಮಾತ್ರ. ಓದುವವರಿಗೆ ಪ್ರಶ್ನೆ ಕೇಳಬೇಕು, ವಾದ ಮಾಡಬೇಕು. ಅದಕ್ಕೇ ನಾವು ಟೆಲಿಗ್ರಾಂಗೆ ಹೋದೆವು.

ಸುಮ್ನೆ ಟೆಲಿಗ್ರಾಂ ಹಾಕಿಕೊಂಡರೆ ಆಗಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ’ ಒಳಗೆ ಹೋಗಿ. ಫೋನ್ ನಂಬರ್ ಒತ್ತಿದರೆ ಯಾರಿಗೆ ಕಾಣಬೇಕು ಅಂತ ಕೇಳುತ್ತದೆ. ‘ನೋಬಡಿ’ ಇಡಿ. ಅದನ್ನು ಇಟ್ಟ ಮೇಲೆ ಕೆಳಗೆ ಇನ್ನೊಂದು ಪ್ರಶ್ನೆ ಮೂಡುತ್ತದೆ: ನಂಬರು ಗೊತ್ತಿದ್ದವರು ನಿಮ್ಮನ್ನು ಹುಡುಕಬಹುದೇ? ಅದಕ್ಕೆ ‘ಮೈ ಕಾಂಟ್ಯಾಕ್ಟ್ಸ್’ ಇಡಿ. ಈ ಎರಡನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಕೋಚಿಂಗ್ ಪಾಂಪ್ಲೆಟ್ಟಿಗೋ ಜೆರಾಕ್ಸ್ ಅಂಗಡಿಗೋ ಕೊಟ್ಟ ನಂಬರು ಹಿಡಿದುಕೊಂಡು ಯಾರೋ ನಿಮ್ಮ ಖಾತೆ ಹುಡುಕಬಹುದು, ಅದನ್ನು ತಡೆಯುವುದು ಇದೇ.

ಪ್ರೊಫೈಲ್ ಫೋಟೋ, ಲಾಸ್ಟ್ ಸೀನ್, ‘ಗ್ರೂಪಿಗೆ ಯಾರು ಸೇರಿಸಬಹುದು’ ಈ ಮೂರನ್ನೂ ಕಾಂಟ್ಯಾಕ್ಟ್ಸ್‌ಗೆ ಸೀಮಿತ ಮಾಡಿ. ಕರೆಗಳನ್ನೂ ಅಷ್ಟೇ. ಕರೆಗಳ ಒಳಗೆ ‘ಪಿಯರ್ ಟು ಪಿಯರ್’ ಅಂತ ಒಂದಿದೆ. ಅದು ಚಾಲೂ ಇದ್ದರೆ ಕರೆ ನೇರವಾಗಿ ಎರಡು ಫೋನುಗಳ ನಡುವೆ ಹೋಗುತ್ತದೆ, ಆಗ ನಿಮ್ಮ ಇಂಟರ್ನೆಟ್ಟಿನ ಐಪಿ ವಿಳಾಸ (ಸಂಪರ್ಕದ ಗುರುತಿನ ಸಂಖ್ಯೆ) ಆ ಕಡೆಯವರಿಗೆ ಗೊತ್ತಾಗಬಹುದು. ಬೇಡ ಅಂತ ಇಟ್ಟರೆ ಕರೆ ಟೆಲಿಗ್ರಾಂ ಸರ್ವರ್ ಮೂಲಕ ಹೋಗುತ್ತದೆ. ದನಿ ಒಂಚೂರು ಕಮ್ಮಿಯಾಗಬಹುದು, ಆದರೂ ಅದೇ ಒಳ್ಳೆಯದು.

ಟೂ ಸ್ಟೆಪ್ ವೆರಿಫಿಕೇಶನ್, ಅಂದರೆ ಲಾಗಿನ್ ಕೋಡ್ ಜೊತೆಗೆ ನಿಮ್ಮದೇ ಒಂದು ಪಾಸ್‌ವರ್ಡ್, ಹಾಕಿಕೊಳ್ಳಿ. ಲಾಗಿನ್ ಕೋಡ್ ಯಾರೇ ಕೇಳಲಿ, ಅಡ್ಮಿನ್ ಹೆಸರಿನಲ್ಲೇ ಕೇಳಲಿ, ಕೊಡಬೇಡಿ.

ಇಷ್ಟು ಹೊಗಳಿದ ಮೇಲೆ ಟೆಲಿಗ್ರಾಂನ ಕೊರತೆಯನ್ನೂ ಹೇಳಬೇಕಲ್ವಾ? ವಾಟ್ಸಾಪ್ ಗ್ರೂಪಿನ ಮೆಸೇಜುಗಳು ಕಳಿಸಿದ ಫೋನಿನಿಂದ ಓದುವ ಫೋನಿನವರೆಗೆ ಗೂಢಲಿಪಿಯಲ್ಲೇ ಹೋಗುತ್ತವೆ, ನಡುವೆ ಕಂಪನಿಗೂ ಓದಲಾಗದು. ಟೆಲಿಗ್ರಾಂ ಗ್ರೂಪಿಗೆ ಆ ರಕ್ಷಣೆ ಇಲ್ಲ. ಅಲ್ಲಿ ಅದು ಇರುವುದು ಇಬ್ಬರ ನಡುವಿನ ಸೀಕ್ರೆಟ್ ಚಾಟ್‌ಗೆ ಮಾತ್ರ. ಹಾಗಾಗಿ ನಮ್ಮ ಮೊದಲ ನಿಯಮ ಹೀಗಿದೆ: ಆಧಾರ್, ಹಾಲ್ ಟಿಕೆಟ್, ಜಾತಿ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಇವುಗಳ ಫೋಟೋ ಗ್ರೂಪಿಗೆ ಹಾಕುವ ಹಾಗಿಲ್ಲ. ಅರ್ಜಿ ತುಂಬುವಾಗ ಅನುಮಾನ ಬಂದರೆ ಪ್ರಶ್ನೆಯನ್ನು ಮಾತಿನಲ್ಲಿ ಬರೆಯಿರಿ, ದಾಖಲೆ ತೋರಿಸಬೇಡಿ.

ಕಟ್ಟೆ, ಪಡಸಾಲೆ, ಒಳಮನೆ

ಎಲ್ಲರನ್ನೂ ಒಂದೇ ಗ್ರೂಪಿಗೆ ತುಂಬಿದರೆ ಯಾವ ಬಾಟ್ ತಂದರೂ ಅಷ್ಟೇ. ನಮ್ಮ ಕಡೆಯ ಮನೆಗಳಲ್ಲಿ ದಾರಿಹೋಕರು ಕಟ್ಟೆಯ ಮೇಲೆ ಕೂರುತ್ತಾರೆ, ಪರಿಚಯದವರು ಪಡಸಾಲೆಗೆ ಬರುತ್ತಾರೆ, ಒಳಮನೆಗೆ ಮನೆಯವರು ಮಾತ್ರ. ಗ್ರೂಪನ್ನೂ ಹಾಗೇ ಮೂರು ಮಾಡಿ, ಅವೇ ಹೆಸರು ಇಟ್ಟಿದ್ದೇವೆ.

ಕಟ್ಟೆ ಅನ್ನುವುದು ಒಂದು ಟೆಲಿಗ್ರಾಂ ಚಾನೆಲ್. ಯಾರು ಬೇಕಾದರೂ ಸೇರಬಹುದು. ಅಲ್ಲಿ ಅಧಿಸೂಚನೆ, ಪರೀಕ್ಷಾ ದಿನಾಂಕ, ಪಿಡಿಎಫ್ ಮಾತ್ರ ಬರುತ್ತವೆ. ಬರೆಯುವುದು ನಾವು, ಓದುವುದು ಅವರು. ಚಾನೆಲ್ಲಿನ ಸದಸ್ಯರ ಪಟ್ಟಿ ಅಡ್ಮಿನ್ ಬಿಟ್ಟು ಬೇರೆ ಸದಸ್ಯರಿಗೆ ಕಾಣುವುದಿಲ್ಲ. ನೋಟ್ಸ್ ಮಾತ್ರ ಬೇಕು, ಹರಟೆ ಬೇಡ ಅನ್ನುವವರು ಇಲ್ಲೇ ನಿಲ್ಲುತ್ತಾರೆ. ಅಂಥವರೇ ಬಹಳ.

ಪಡಸಾಲೆ ನಿಜವಾದ ಗ್ರೂಪ್. ಪ್ರೈವೇಟ್ ಆಗಿ ಇಡಿ. ಲಿಂಕ್ ಮಾಡುವಾಗ ‘ರಿಕ್ವೆಸ್ಟ್ ಅಡ್ಮಿನ್ ಅಪ್ರೂವಲ್’ ಒತ್ತಿ. ಆಗ ಲಿಂಕ್ ಎಲ್ಲಿಗೇ ಸೋರಿದರೂ ಒತ್ತಿದವರು ನೇರ ಒಳಗೆ ಬರಲಾರರು, ಬಾಗಿಲಲ್ಲಿ ನಿಂತು ಕಾಯಬೇಕು. ಲಿಂಕಿಗೆ ಅವಧಿಯನ್ನೂ ಹಾಕಬಹುದು. ಸದಸ್ಯರೇ ಬೇರೆಯವರನ್ನು ಸೇರಿಸುವ ಅನುಮತಿಯನ್ನು ತೆಗೆದುಹಾಕಿ. ಗ್ರೂಪಿನಲ್ಲಿ 100ಕ್ಕಿಂತ ಜಾಸ್ತಿ ಜನ ಆದ ಮೇಲೆ ಸದಸ್ಯರ ಪಟ್ಟಿಯನ್ನು ಮುಚ್ಚುವ ಆಯ್ಕೆ ಬರುತ್ತದೆ, ತಪ್ಪದೆ ಮುಚ್ಚಿ. ಹೆಣ್ಣು ಹೆಸರು ಆರಿಸಿ ಆರಿಸಿ ಮೆಸೇಜ್ ಮಾಡುವವರಿಗೆ ಆ ಪಟ್ಟಿಯೇ ಮೆನು ಕಾರ್ಡ್. ಮುಚ್ಚಿದರೂ ಗ್ರೂಪಿನಲ್ಲಿ ಬರೆದವರ ಹೆಸರು ಕಾಣುತ್ತದೆ ಅನ್ನುವುದು ನೆನಪಿರಲಿ. ಅದಕ್ಕೇ ಪೂರ್ತಿ ಹೆಸರು ಬೇಡ, ಒಂದು ಅಡ್ಡಹೆಸರು ಇಟ್ಟುಕೊಳ್ಳಿ ಅಂತ ಹುಡುಗಿಯರಿಗೆ ಹೇಳುತ್ತೇನೆ. ನಮ್ಮಲ್ಲಿ ಒಬ್ಬಳು ‘ಕಲಂ 32’, ಇನ್ನೊಬ್ಬಳು ‘ಮಲಪ್ರಭಾ’. ಉತ್ತರ ಸರಿ ಇದ್ದರೆ ಸಾಕು, ಹೆಸರು ಯಾರಿಗೆ ಬೇಕು?

ಪಡಸಾಲೆಯ ಒಳಗೆ ‘ಟಾಪಿಕ್ಸ್’ ಚಾಲೂ ಮಾಡಿ. ಪ್ರಚಲಿತ ಘಟನೆ, ಸಂವಿಧಾನ, ಮೆಂಟಲ್ ಎಬಿಲಿಟಿ, ಹರಟೆ ಅಂತ ಬೇರೆ ಬೇರೆ ಕೋಣೆ ಆಗುತ್ತವೆ. ಇದು ಬರೀ ಅಚ್ಚುಕಟ್ಟಿಗಲ್ಲ. ಸಂವಿಧಾನದ ಕೋಣೆಯಲ್ಲಿ ‘ಗುಡ್ ನೈಟ್ ಫ್ರೆಂಡ್ಸ್’ ಬಂದರೆ ಎದ್ದು ಕಾಣುತ್ತದೆ. ವಿಷಯ ಬಿಟ್ಟು ಮಾತಾಡುವವರು ಯಾರು ಅಂತ ಬೇಗ ಗೊತ್ತಾಗುತ್ತದೆ.

ಒಳಮನೆ ಹೆಣ್ಣುಮಕ್ಕಳಿಗೆ ಮಾತ್ರ. ಅದನ್ನು ಟೆಲಿಗ್ರಾಂನಲ್ಲಿ ಇಟ್ಟಿಲ್ಲ, ಸಿಗ್ನಲ್ ಅನ್ನುವ ಮೆಸೇಜ್ ಆ್ಯಪ್‌ನಲ್ಲಿ ಇಟ್ಟಿದ್ದೇವೆ. 2024ರಿಂದ ಸಿಗ್ನಲ್‌ನಲ್ಲಿ ಯೂಸರ್‌ನೇಮ್ ಬಂದಿದೆ. ನಿಮ್ಮ ನಂಬರು ಮೊದಲೇ ಸೇವ್ ಮಾಡಿಕೊಂಡವರನ್ನು ಬಿಟ್ಟು ಬೇರೆಯವರಿಗೆ ಅದು ತಾನಾಗಿ ಕಾಣುವುದಿಲ್ಲ. ಗ್ರೂಪಿನ ಮಾತೂ ಪೂರ್ತಿ ಗೂಢಲಿಪಿಯಲ್ಲೇ ಇರುತ್ತದೆ. ಯಾವ ಪಿಜಿಯಲ್ಲಿ ಊಟ ಸರಿ ಇಲ್ಲ, ಯಾವ ರಸ್ತೆಯಲ್ಲಿ ರಾತ್ರಿ ಲೈಟಿಲ್ಲ, ದೇಹದಾರ್ಢ್ಯ ಪರೀಕ್ಷೆಯ ದಿನ ಮುಟ್ಟಾದರೆ ಏನು ಮಾಡೋದು, ಇಂಥ ಮಾತು ಅಲ್ಲಿ. ಸೇರಬೇಕಾದರೆ ಒಳಗಿರುವ ಒಬ್ಬರು ‘ನನಗೆ ಗೊತ್ತು’ ಅನ್ನಬೇಕು, ಅಥವಾ ನಮ್ಮ ರೂಮಿಗೆ ಬಂದು ಮುಖ ತೋರಿಸಬೇಕು. ಈ ಗ್ರೂಪಿಗೆ ಬಾಟ್ ಇಲ್ಲ. ಇರಬಾರದು ಕೂಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಕಷ್ಟ ನಮ್ಮ ಕಾಲದ್ದೇ ಅಂದುಕೊಳ್ಳಬೇಡಿ. 1990ರಲ್ಲಿ ಅಮೆರಿಕದಲ್ಲಿ ಪಾವೆಲ್ ಕರ್ಟಿಸ್ ಅನ್ನುವವರು ಲ್ಯಾಂಬ್ಡಾಮೂ ಅಂತ ಒಂದು ಆನ್‌ಲೈನ್ ಜಾಗ ಶುರು ಮಾಡಿದರು. ಚಿತ್ರ ಇಲ್ಲ, ಬರೀ ಅಕ್ಷರ. ತಮ್ಮ ಮನೆಯದೇ ನಕ್ಷೆ ಇಟ್ಟುಕೊಂಡು ಕೋಣೆ ಕೋಣೆಯಾಗಿ ಕಟ್ಟಿದ್ದರು. 1993ರಲ್ಲಿ ಅದರ ಪಡಸಾಲೆಯಲ್ಲೇ ಒಬ್ಬ ಒಂದು ಸಣ್ಣ ಪ್ರೋಗ್ರಾಂ ಬಳಸಿ ಬೇರೆಯವರ ಪಾತ್ರಗಳು ಅಸಹ್ಯ ಕೆಲಸ ಮಾಡಿದ ಹಾಗೆ ಎಲ್ಲರ ಮುಂದೆ ಬರೆಸಿದ. ಅಲ್ಲಿನವರು ದಿನಗಟ್ಟಲೆ ಚರ್ಚೆ ಮಾಡಿದರು, ಕೊನೆಗೆ ಅವನ ಖಾತೆ ಹೋಯಿತು, ಮುಂದೆ ಇಂಥ ವಿಷಯಕ್ಕೆ ಮತ ಹಾಕುವ ಪದ್ಧತಿಯೂ ಬಂತು. ಪ್ರೋಗ್ರಾಂ ಕಾಟ ಕೊಡಲಿಕ್ಕೂ ಬರುತ್ತದೆ, ಕಾಯಲಿಕ್ಕೂ ಬರುತ್ತದೆ. ನಾವು ಕಾಯುವ ಕಡೆ ನೋಡೋಣ.

ಬಾಟ್‌ಗೆ ಯಾವ ಕೆಲಸ, ಎಷ್ಟು ಅಧಿಕಾರ

ಬಾಟ್ ಅಂದರೆ ಗ್ರೂಪಿನಲ್ಲಿ ಸದಸ್ಯನ ಹಾಗೆ ಕೂರುವ ಪ್ರೋಗ್ರಾಂ. ನಾವು ಬಳಸುವುದು ಮಿಸ್ ರೋಸ್ ಅನ್ನುವ ಬಾಟ್. ದುಡ್ಡು ಕೊಡಬೇಕಿಲ್ಲ. ಇದೇ ಹೆಸರಿನ, ಇದೇ ಚಿತ್ರದ ನಕಲಿಗಳೂ ಸಿಗಬಹುದು, ಯೂಸರ್‌ನೇಮ್ ಅಕ್ಷರ ಅಕ್ಷರ ನೋಡಿ ಸೇರಿಸಿ. ಆಜ್ಞೆಗಳೆಲ್ಲ ಇಂಗ್ಲಿಷಿನಲ್ಲಿ, ಮುಂದೆ ಒಂದು ಓರೆಗೆರೆ ಹಾಕಿ ಕೊಡಬೇಕು. ‘ಹೆಲ್ಪ್’ ಅಂತ ಕಳಿಸಿದರೆ ಪೂರ್ತಿ ಪಟ್ಟಿ ಕೊಡುತ್ತದೆ, ಬಾಯಿಪಾಠ ಮಾಡುವ ಅಗತ್ಯ ಇಲ್ಲ.

ಅಡ್ಮಿನ್ ಮಾಡುವಾಗ ಟೆಲಿಗ್ರಾಂ ಯಾವ ಯಾವ ಹಕ್ಕು ಕೊಡಬೇಕು ಅಂತ ಉದ್ದ ಪಟ್ಟಿ ತೋರಿಸುತ್ತದೆ. ಎಲ್ಲ ಟಿಕ್ ಮಾಡಿ ಮುಂದೆ ಹೋಗಬೇಡಿ. ಮೆಸೇಜ್ ಅಳಿಸುವುದು, ಜನರನ್ನು ತಡೆಯುವುದು, ಇವೆರಡು ಸಾಕು. ಹೊಸ ಅಡ್ಮಿನ್ ನೇಮಿಸುವ ಹಕ್ಕು, ಗ್ರೂಪಿನ ಹೆಸರು ಬದಲಿಸುವ ಹಕ್ಕು ಬಾಟ್‌ಗೆ ಯಾಕೆ?

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅಡ್ಮಿನ್ ಅಲ್ಲದ ಬಾಟ್‌ಗೆ ಮಾಮೂಲಿಯಾಗಿ ತನಗೆ ಕೊಟ್ಟ ಆಜ್ಞೆ, ತನ್ನ ಮೆಸೇಜಿಗೆ ಬಂದ ಉತ್ತರ, ಇಷ್ಟೇ ತಲುಪುತ್ತದೆ. ಅಡ್ಮಿನ್ ಮಾಡಿದಿರೋ, ಗ್ರೂಪಿನ ಪ್ರತಿಯೊಂದು ಮೆಸೇಜೂ ಅದಕ್ಕೆ ಹೋಗುತ್ತದೆ. ಅಂದರೆ ಅದನ್ನು ನಡೆಸುವವರ ಕಂಪ್ಯೂಟರಿಗೆ ಹೋಗುತ್ತದೆ. ಸಂವಿಧಾನದ ಪ್ರಶ್ನೆ ಹೋದರೆ ಹೋಗಲಿ. ಒಳಮನೆಯ ಮಾತು ಹೋಗಬಾರದು. ಅಲ್ಲಿ ಬಾಟ್ ಬೇಡ ಅಂದಿದ್ದು ಇದಕ್ಕೇ. ಪಡಸಾಲೆಯ ಪಿನ್ ಮೆಸೇಜಿನಲ್ಲೂ ‘ಇಲ್ಲಿ ಬಾಟ್ ಇದೆ, ನೀವು ಬರೆದದ್ದು ಅದಕ್ಕೆ ಕಾಣುತ್ತದೆ’ ಅಂತ ಹಾಕಿದ್ದೇವೆ. ಜನಕ್ಕೆ ಹೇಳಿಬಿಡುವುದು ಒಳ್ಳೆಯದು.

ಕೆಲಸ ಹಚ್ಚುವುದು ಈ ಕ್ರಮದಲ್ಲಿ. ಮೊದಲು ಕ್ಯಾಪ್ಚಾ. ನಾವು ಅಪ್ರೂವ್ ಮಾಡಿ ಒಳಗೆ ಬಿಟ್ಟವರು ಒಂದು ಬಟನ್ ಒತ್ತುವ ತನಕ ಬರೆಯಲಾಗದು. ಆ ಬಟನ್ ಜೊತೆಗೆ ನಿಯಮಗಳನ್ನು ಒಪ್ಪಿಕೊಳ್ಳುವುದನ್ನೂ ಸೇರಿಸಬಹುದು. ಜಾಹೀರಾತು ಸುರಿಯಲು ಬರುವ ನಕಲಿ ಖಾತೆಗಳು ಇಲ್ಲೇ ಜಾಸ್ತಿ ನಿಂತುಬಿಡುತ್ತವೆ. ಆಮೇಲೆ ಫ್ಲಡ್ ಮಿತಿ: ಒಬ್ಬರೇ ಸಾಲಾಗಿ ಇಷ್ಟು ಮೆಸೇಜ್ ಹಾಕಿದರೆ ಬಾಯಿ ಮುಚ್ಚಿಸು ಅಂತ. ಇದನ್ನು ತೀರಾ ಬಿಗಿ ಮಾಡಬೇಡಿ. ನಮ್ಮವರು ಒಂದು ವಾಕ್ಯವನ್ನು ನಾಲ್ಕು ಮೆಸೇಜ್ ಮಾಡಿ ಕಳಿಸುತ್ತಾರೆ. ‘ಅಕ್ಕಾ’, ‘ಒಂದು ಡೌಟ್’, ‘ಇತ್ತು’, ‘ಕೇಳ್ಲಾ’ ಅಂತ.

ನಂತರ ಲಿಂಕ್ ಮತ್ತು ಫಾರ್ವರ್ಡ್‌ಗೆ ಬೀಗ. ಎಲ್ಲ ಲಿಂಕ್ ಮುಚ್ಚಿ, ಬೇಕಾದವನ್ನು ಅಲೋಲಿಸ್ಟ್‌ಗೆ (ಬಿಡಬೇಕಾದವುಗಳ ಪಟ್ಟಿಗೆ) ಹಾಕಿ. ನಮ್ಮ ಪಟ್ಟಿಯಲ್ಲಿ ಕೆಪಿಎಸ್‌ಸಿ, ಕೆಇಎ, ಪೊಲೀಸ್ ನೇಮಕಾತಿಯ ಸರಕಾರಿ ವಿಳಾಸಗಳು ಇವೆ. ಸರಕಾರಿ ಸೈಟಿನ ಹೆಸರು (ಅದರ ನಂತರ ಬರುವ ಓರೆಗೆರೆಗಿಂತ ಮೊದಲಿನ ಭಾಗ) ಸಾಮಾನ್ಯವಾಗಿ ಜಿಒವಿ ಡಾಟ್ ಇನ್ ಅಥವಾ ಎನ್‌ಐಸಿ ಡಾಟ್ ಇನ್ ಅಂತ ಮುಗಿಯುತ್ತದೆ. ಅದು ಆ ಹೆಸರಿನ ನಡುವೆ ಎಲ್ಲೋ ಇದ್ದು ಕೊನೆಗೆ ಬೇರೆ ಏನೋ ಇದ್ದರೆ ಅದು ಮೋಸದ್ದು ಅಂತ ಹುಡುಗಿಯರಿಗೆ ತೋರಿಸಿ ಕೊಡಿ. ಪಿಡಿಎಫ್ ಬರಲಿ, ಆದರೆ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಕಂಡ ತಕ್ಷಣ ಬಾಟ್ ಅಳಿಸುವ ಹಾಗೆ ಇಡಿ. ‘ರಿಸಲ್ಟ್ ನೋಡುವ ಆ್ಯಪ್’ ಅಂತ ಬರುವ ಎಪಿಕೆ ಒತ್ತಿದರೆ ಬ್ಯಾಂಕ್ ಒಟಿಪಿ ಬೇರೆಯವರ ಪಾಲಾಗಬಹುದು.

ಕೊನೆಗೆ ಎಚ್ಚರಿಕೆ ವ್ಯವಸ್ಥೆ. ಮೂರು ಸಲ ಎಚ್ಚರಿಕೆ ಆದರೆ ಬಾಯಿ ಮುಚ್ಚಿಸು ಅಂತ ಇಟ್ಟಿದ್ದೇವೆ, ಹೊರಗೆ ಹಾಕು ಅಂತ ಇಟ್ಟಿಲ್ಲ. ಹೊರಗೆ ಹಾಕುವ ತೀರ್ಮಾನ ಮನುಷ್ಯರದು. ಬೈಗುಳ ಬರೆದವನನ್ನು ಬಾಟ್ ಹಿಡಿಯುತ್ತದೆ, ಸರಿ. ಆದರೆ ಒಂದೂ ಕೆಟ್ಟ ಪದ ಇಲ್ಲದೆ ದಿನಾ ಒಬ್ಬಳದೇ ಮೆಸೇಜಿಗೆ ‘ಸೂಪರ್ ಮೇಡಂ, ನಿಮ್ಮಂಥವರು ಸಿಗಲ್ಲ’ ಅಂತ ಉತ್ತರ ಹಾಕುವವನು ಅದಕ್ಕೆ ಸಭ್ಯನಾಗಿಯೇ ಕಾಣುತ್ತಾನೆ. ಅವನನ್ನು ಗುರುತಿಸುವವಳು ಆ ಹುಡುಗಿ, ಕೇಳಬೇಕಾದವಳು ನಾನು.

ಕನ್ನಡ ಬಾಟ್‌ಗೆ ಅರ್ಥ ಆಗುವುದಿಲ್ಲ, ನಾವೇ ಕಲಿಸಬೇಕು

ತಡೆಯಬೇಕಾದ ಪದಗಳ ಪಟ್ಟಿ ಮಾಡುವಾಗ ಇಂಗ್ಲಿಷ್‌ನವರ ಸಲಹೆ ನಮಗೆ ನಾಟುವುದಿಲ್ಲ. ನಮ್ಮ ಪದಗಳಿಗೆ ಬಾಲ ಇರುತ್ತದೆ. ಲೀಕ್ ಅಂತ ಪಟ್ಟಿಗೆ ಹಾಕಿದರೆ ‘ಲೀಕ್’ ಸಿಗುತ್ತದೆ, ‘ಲೀಕಾಗಿದೆ’, ‘ಲೀಕಾದ’ ಸಿಗುವುದಿಲ್ಲ. ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಬಾಲ ಏನಿದ್ದರೂ ಹಿಡಿ ಅಂತ ಅರ್ಥ. ಇಲ್ಲೊಂದು ಸೂಕ್ಷ್ಮ ಇದೆ. ‘ಲೀಕ್’ ಅಂತ ಅರ್ಧಾಕ್ಷರದ ಸಮೇತ ಬರೆದು ನಕ್ಷತ್ರ ಹಾಕಿದರೆ ‘ಲೀಕಾಗಿದೆ’ ತಪ್ಪಿಸಿಕೊಳ್ಳುತ್ತದೆ. ಯಾಕೆಂದರೆ ಕಂಪ್ಯೂಟರಿಗೆ ಕಕಾರ ಬೇರೆ, ಅದರ ಮೇಲಿನ ಅರ್ಧದ ಗುರುತು ಬೇರೆ. ‘ಆ’ ಸೇರಿದ ಕೂಡಲೇ ಆ ಗುರುತು ಹೋಗಿ ದೀರ್ಘ ಬಂದು ಕೂರುತ್ತದೆ. ಅದಕ್ಕೆ ‘ಲೀಕ’ ಅಂತ ಪೂರ್ತಿ ಅಕ್ಷರ ಬರೆದು ನಕ್ಷತ್ರ ಹಾಕಿ. ಆಗ ಲೀಕ್, ಲೀಕಾಗಿದೆ, ಲೀಕಿನ ಎಲ್ಲವೂ ಬಲೆಗೆ ಬೀಳುತ್ತವೆ. ಬೈಗುಳಗಳಿಗೂ ಇದೇ ಉಪಾಯ.

ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಕನ್ನಡ. ಒಂದೇ ಬೈಗುಳಕ್ಕೆ ಐದಾರು ಸ್ಪೆಲ್ಲಿಂಗ್ ಇರುತ್ತವೆ, ದೀರ್ಘಕ್ಕೆ ಒಬ್ಬರು ಎರಡು ಅಕ್ಷರ ಹಾಕಿದರೆ ಇನ್ನೊಬ್ಬರು ಒಂದೇ. ನಾನು ಈ ಪಟ್ಟಿ ಮಾಡಲು ಕೂತಾಗ ಹುಡುಗಿಯರು ನಕ್ಕು ನಕ್ಕು ಸುಸ್ತಾದರು. ಆದರೆ ಅವರಷ್ಟು ಚೆನ್ನಾಗಿ ಆ ಪಟ್ಟಿ ಮಾಡಲು ಬೇರೆ ಯಾರಿಗೂ ಬರುವುದಿಲ್ಲ. ದಿನಾ ಕೇಳಿಸಿಕೊಳ್ಳುವವರು ಅವರೇ ತಾನೆ? ಪಟ್ಟಿಯನ್ನು ಗ್ರೂಪಿನಲ್ಲೇ ಕೂತು ಮಾಡಬೇಡಿ. ಬಾಟ್ ಜೊತೆ ಖಾಸಗಿ ಚಾಟ್ ತೆರೆದು ‘ಕನೆಕ್ಟ್’ ಆಜ್ಞೆ ಕೊಟ್ಟು ಅಲ್ಲಿಂದಲೇ ಸೇರಿಸಬಹುದು. ಇಲ್ಲದಿದ್ದರೆ ಅಡ್ಮಿನ್ನೇ ಎಲ್ಲರ ಮುಂದೆ ಸಾಲಾಗಿ ಬೈದ ಹಾಗಾಗುತ್ತದೆ.

ಯಾವ ಪದ ತಡೆಯಬಾರದು ಅನ್ನುವುದೂ ಮುಖ್ಯ. ‘ಪೇಪರ್’ ಅನ್ನುವುದನ್ನು ತಡೆದರೆ ನಮ್ಮ ಗ್ರೂಪಿನಲ್ಲಿ ಮಾತೇ ಇರುವುದಿಲ್ಲ. ‘ಲೀಕ’ ಕೂಡ ಪೂರ್ತಿ ತಡೆಯುವುದು ಕಷ್ಟ. 2021ರ ಅಕ್ಟೋಬರಿನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರಲ್ಲಿ ರದ್ದಾಯಿತಲ್ಲ, ಆ ಗಾಯ ಓದುವವರಲ್ಲಿ ಇನ್ನೂ ಆರಿಲ್ಲ. ಆ ಬಗ್ಗೆ ಮಾತಾಡುತ್ತಾರೆ, ಮಾತಾಡಬೇಕು ಕೂಡ. ಅದೇ ಭಯವನ್ನು ಹಿಡಿದುಕೊಂಡೇ ‘ನಾಳಿನ ಪೇಪರ್ ನಮ್ಮ ಹತ್ತಿರ ಇದೆ, ಅಡ್ವಾನ್ಸ್ ಕಳಿಸಿ’ ಅನ್ನುವವರೂ ಬರುತ್ತಾರೆ. ಸಾಮಾನ್ಯ ದಿನಗಳಲ್ಲಿ ನಾವು ‘ಅಡ್ವಾನ್ಸ್’, ‘ಇನ್‌ಬಾಕ್ಸ್ ಬನ್ನಿ’, ‘ಪರ್ಸನಲ್ ಮೆಸೇಜ್ ಮಾಡಿ’ ಇಂಥವನ್ನು ತಡೆಯುತ್ತೇವೆ. ಪರೀಕ್ಷೆಗೆ ಒಂದು ವಾರ ಇರುವಾಗ ಮಾತ್ರ ‘ಲೀಕ’ ಸೇರಿಸಿ, ಸ್ಲೋ ಮೋಡ್ (ಒಂದು ಮೆಸೇಜ್ ಹಾಕಿದವರು ಇನ್ನೊಂದಕ್ಕೆ ಸ್ವಲ್ಪ ಕಾಯಬೇಕು) ಹಾಕಿ, ಹೊಸಬರನ್ನು ಸೇರಿಸುವುದು ನಿಲ್ಲಿಸಿಬಿಡುತ್ತೇವೆ.

ದೂರು ಹೇಳಲು ಒಂದು ಬಾಟ್

ಕಾಟ ಕೊಡುವವರು ಗ್ರೂಪಿನಲ್ಲಿ ಬಾಯಿ ಬಿಡುವುದಿಲ್ಲ, ಇನ್‌ಬಾಕ್ಸಿಗೆ ಹೋಗುತ್ತಾರೆ. ಹುಡುಗಿ ಅದನ್ನು ಎಲ್ಲರ ಮುಂದೆ ಹೇಳಲಾರಳು. ಅಡ್ಮಿನ್‌ಗೆ ಹೇಳೋಣ ಅಂದರೆ ಅಡ್ಮಿನ್‌ಗಳಲ್ಲಿ ಯಾರು ಹೇಗೋ ಗೊತ್ತಿಲ್ಲ, ಕಾಟ ಕೊಟ್ಟವನು ಅವರ ಗೆಳೆಯನೇ ಆಗಿರಬಹುದು. ಹಾಗಾಗಿ ದೂರಿಗೆ ಒಂದು ಪ್ರತ್ಯೇಕ ಬಾಟ್ ಇಡಿ.

ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಅನ್ನುವ ಅಧಿಕೃತ ಬಾಟ್ ಇದೆ. ‘ನ್ಯೂಬಾಟ್’ ಅಂತ ಆಜ್ಞೆ ಕೊಟ್ಟರೆ ಹೆಸರು ಕೇಳಿ, ಹೊಸ ಬಾಟ್ ಮಾಡಿ, ಉದ್ದದ ಒಂದು ಟೋಕನ್ ಕೊಡುತ್ತದೆ. ಆ ಟೋಕನ್ ಇದ್ದವರೇ ಬಾಟ್‌ನ ಯಜಮಾನರು. ಸ್ಕ್ರೀನ್‌ಶಾಟ್ ತೆಗೆದು ಯಾರಿಗೂ ಕಳಿಸಬೇಡಿ. ಸೋರಿತು ಅನಿಸಿದರೆ ‘ರಿವೋಕ್’ ಕೊಟ್ಟು ಹೊಸದು ಪಡೆಯಿರಿ. ಕೋಡ್ ಬಲ್ಲವರು ಹತ್ತಿರ ಇದ್ದರೆ ಬಂದ ಮೆಸೇಜನ್ನು ಅಡ್ಮಿನ್‌ಗಳ ಗ್ರೂಪಿಗೆ ದಾಟಿಸುವ ಸಣ್ಣ ಪ್ರೋಗ್ರಾಂ ಬರೆಸಿ. ಇಂಜಿನಿಯರಿಂಗ್ ಹುಡುಗರಿಗೆ ಅದು ಒಂದು ಮಧ್ಯಾಹ್ನದ ಕೆಲಸ. ಇಲ್ಲದಿದ್ದರೆ ಲೈವ್‌ಗ್ರಾಂನಂಥ ಸೇವೆಗಳಿವೆ, ಟೋಕನ್ ಅಲ್ಲಿ ಕೊಟ್ಟರೆ ಅವರೇ ನಡೆಸುತ್ತಾರೆ. ಆದರೆ ಆಗ ದೂರುಗಳು ಮೂರನೆಯವರ ಮೂಲಕ ಹಾದುಹೋಗುತ್ತವೆ. ಫೋಟೋ, ದಾಖಲೆ ಅದರಲ್ಲಿ ತೆಗೆದುಕೊಳ್ಳಬೇಡಿ.

ಇದರಿಂದ ಆಗುವ ಲಾಭ ಎರಡು. ಹುಡುಗಿ ಬಾಟ್‌ಗೆ ಬರೆದರೆ ಅವಳ ಫೋನ್ ನಂಬರು ಬಾಟ್‌ಗೆ ಸಿಗುವುದಿಲ್ಲ, ತಾನಾಗಿ ಹಂಚಿಕೊಂಡರೆ ಮಾತ್ರ. ಹೆಸರು, ಯೂಸರ್‌ನೇಮ್, ಖಾತೆಯ ಐಡಿ ಕಾಣುತ್ತವೆ, ಅಷ್ಟೇ. ಉತ್ತರ ಬಾಟ್ ಹೆಸರಿನಲ್ಲೇ ಹೋಗುವುದರಿಂದ ಯಾವ ಅಡ್ಮಿನ್ ಬರೆದರು ಅಂತಲೂ ಗೊತ್ತಾಗುವುದಿಲ್ಲ, ಆಮೇಲೆ ಅವರ ಮೇಲೆ ಯಾರೂ ಮುಗಿಬೀಳುವಂತಿಲ್ಲ. ನಮ್ಮಲ್ಲಿ ದೂರು ಬೀಳುವ ಗ್ರೂಪಿನಲ್ಲಿ ಮೂವರೂ ಹೆಂಗಸರು. ಇದನ್ನು ನಿಯಮಗಳಲ್ಲೇ ಬರೆದಿದ್ದೇವೆ. ಬರೆಯುವ ಮೊದಲೇ ಅವಳಿಗೆ ಅದು ಗೊತ್ತಿರಬೇಕು.

ಬಾಟ್‌ಗಳು ತಾವಾಗಿ ಯಾರಿಗೂ ಮೊದಲ ಮೆಸೇಜ್ ಕಳಿಸಲಾರವು. ನೀವು ‘ಸ್ಟಾರ್ಟ್’ ಒತ್ತಿದ ಮೇಲೆಯೇ ಮಾತು. ಇದನ್ನೇ ಹಿಡಿದು ನಾವು ಅಡ್ಮಿನ್‌ಗಳಿಗೂ ಒಂದು ನಿಯಮ ಮಾಡಿಕೊಂಡೆವು: ಯಾವ ಅಡ್ಮಿನ್ನೂ ಯಾರಿಗೂ ತಾನಾಗಿ ಇನ್‌ಬಾಕ್ಸಿಗೆ ಬರುವುದಿಲ್ಲ. ನನ್ನ ಹೆಸರು, ನನ್ನ ಫೋಟೋ ಹಾಕಿಕೊಂಡು ‘ಟೆಸ್ಟ್ ಸೀರೀಸ್ ಫೀ ಕಳಿಸಮ್ಮಾ’ ಅಂತ ಯಾರಾದರೂ ಬರೆದರೆ ಅದು ನಾನಲ್ಲ. ಪಿನ್ ಮೆಸೇಜಿನಲ್ಲಿ ಇದೇ ಮೊದಲ ಸಾಲು. ಹೆಸರು ಫೋಟೋ ನಕಲು ಮಾಡುವುದು ಅಷ್ಟು ಸುಲಭ ಇರುವಾಗ ಇದಕ್ಕಿಂತ ಗಟ್ಟಿ ಉಪಾಯ ನನಗೆ ಕಂಡಿಲ್ಲ.

ಮಾಕ್ ಇಂಟರ್‌ವ್ಯೂ ಕೋಣೆ

ಸಂದರ್ಶನವನ್ನು ವೀಡಿಯೊದಲ್ಲಿ ಅಭ್ಯಾಸ ಮಾಡಲು ನಾವು ಜಿಟ್ಸಿ ಮೀಟ್ ಅನ್ನುವ ವೀಡಿಯೊ ಕರೆ ಸೇವೆ ಬಳಸುತ್ತೇವೆ. ಕೋಣೆ ಶುರು ಮಾಡುವವರು ಮಾತ್ರ ಲಾಗಿನ್ ಆಗಬೇಕು, ಉಳಿದವರು ಲಿಂಕ್ ಒತ್ತಿ ಯಾವ ಹೆಸರಿನಿಂದಾದರೂ ಬರಬಹುದು. ಕೋಣೆಗೆ ‘ಕೆಎಎಸ್’ ಅಂತ ಸುಲಭದ ಹೆಸರು ಇಡಬೇಡಿ, ಅದೇ ಹೆಸರು ಟೈಪ್ ಮಾಡಿದ ಯಾರಾದರೂ ಒಳಗೆ ಬಂದುಬಿಡಬಹುದು. ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿ. ಲಾಬಿ ಚಾಲೂ ಮಾಡಿದರೆ ಒಬ್ಬೊಬ್ಬರನ್ನೇ ನೋಡಿ ಬಿಡಬಹುದು. ಹಿನ್ನೆಲೆ ಮಸುಕು ಮಾಡಿಕೊಳ್ಳಿ. ಪಿಜಿ ಗೋಡೆಯ ಮೇಲಿನ ಬೋರ್ಡು, ಕಿಟಕಿಯಾಚೆಯ ಗುಡಿ ಗೋಪುರ ಇವೇ ವಿಳಾಸ ಹೇಳಿಬಿಡುತ್ತವೆ. ಯಾರೋ ಫೋನಿನಿಂದ ಸ್ಕ್ರೀನ್ ರೆಕಾರ್ಡ್ ಮಾಡಿದರೆ ತಡೆಯುವ ದಾರಿ ಇಲ್ಲ, ಅದಕ್ಕೆ ಆ ಕೋಣೆಗೆ ಕರೆಯುವವರ ಪಟ್ಟಿ ಚಿಕ್ಕದಿರಲಿ.

ಕಾಟ ಆದಾಗ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಬ್ಲಾಕ್

ಟೆಲಿಗ್ರಾಂ ಖಾಸಗಿ ಚಾಟಿನಲ್ಲಿ ಇಬ್ಬರಲ್ಲಿ ಯಾರು ಬೇಕಾದರೂ ಪೂರ್ತಿ ಮಾತುಕತೆಯನ್ನು ಎರಡೂ ಕಡೆಯಿಂದ ಅಳಿಸಬಹುದು. ಎಷ್ಟು ಹಳೆಯದಾದರೂ ಸರಿ. ಅಂದರೆ ಕೆಟ್ಟದಾಗಿ ಬರೆದವನು ಬೆಳಗಾಗುವುದರೊಳಗೆ ನಿಮ್ಮ ಫೋನಿನಿಂದಲೂ ಅದನ್ನು ಒರೆಸಿ ಹೋಗಬಹುದು. ಹುಡುಗಿಯರು ಸಿಟ್ಟಿನಲ್ಲಿ ಮೊದಲು ಬೈದು, ಆಮೇಲೆ ಬ್ಲಾಕ್ ಮಾಡಿ, ಮರುದಿನ ನನ್ನ ಹತ್ತಿರ ಬರುತ್ತಾರೆ. ಅಷ್ಟರಲ್ಲಿ ತೋರಿಸಲು ಏನೂ ಇರುವುದಿಲ್ಲ. ಹಾಗಾಗಿ ಮೊದಲು ಸ್ಕ್ರೀನ್‌ಶಾಟ್. ದಿನಾಂಕ, ಸಮಯ, ಅವನ ಯೂಸರ್‌ನೇಮ್ ಕಾಣುವ ಹಾಗೆ. ಯೂಸರ್‌ನೇಮ್ ಯಾವಾಗ ಬೇಕಾದರೂ ಬದಲಾಗಬಹುದು, ಖಾತೆಯ ಒಳಗಿನ ಅಂಕಿಯ ಐಡಿ ಬದಲಾಗುವುದಿಲ್ಲ. ಅವನು ಗ್ರೂಪಿನವನಾದರೆ ರೋಸ್ ಆ ಐಡಿ ಹೇಳುತ್ತದೆ, ಬರೆದಿಟ್ಟುಕೊಳ್ಳಿ. ಬಾಟ್ ಯಾರಿಗೆ ಎಚ್ಚರಿಕೆ ಕೊಟ್ಟಿತು, ಯಾರನ್ನು ತಡೆಯಿತು ಅನ್ನುವ ಲೆಕ್ಕ ಒಂದು ಖಾಸಗಿ ಚಾನೆಲ್ಲಿಗೆ ಬೀಳುವ ಹಾಗೆ ಲಾಗ್ ಕೂಡ ಇಡಿ.

ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ಮುಂದೆ ಹೋಗದಂತೆ ತಡೆಯುವ ಅವಕಾಶ ಜಾಸ್ತಿ. ಫೋಟೋ ತಿರುಚಿದ್ದು, ಅಶ್ಲೀಲ ಕಳಿಸಿದ್ದು, ಬೆದರಿಕೆ ಇಂಥವಕ್ಕೆ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್ ಇದೆ. ಹೆಂಗಸರು ಮತ್ತು ಮಕ್ಕಳ ವಿರುದ್ಧದ ಅಪರಾಧಕ್ಕೆ ಅಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಬೇಡ ಅಂದ ಮೇಲೂ ಹೆಣ್ಣೊಬ್ಬಳನ್ನು ಮತ್ತೆ ಮತ್ತೆ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಅಪರಾಧ. ‘ಬರೀ ಮೆಸೇಜ್ ತಾನೆ’ ಅಂತ ಯಾರಾದರೂ ಅಂದರೆ ಆ ಕಲಂ ಸಂಖ್ಯೆ ಹೇಳಿ. ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗಿಯರಿಗೆ ಇದನ್ನು ನಾನು ಬೇರೆ ಕಲಿಸಬೇಕಿಲ್ಲ, ಅವರೇ ನನಗೆ ಹೇಳಿಕೊಟ್ಟಿದ್ದು. ‘ಬೇಡ, ಮತ್ತೆ ಮೆಸೇಜ್ ಮಾಡಬೇಡಿ’ ಅಂತ ಒಂದೇ ಒಂದು ಸಲ ಸ್ಪಷ್ಟವಾಗಿ ಬರೆದು, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ ಅನ್ನುವುದೂ ಅವರದೇ ಸಲಹೆ.

ಬ್ಯಾಚ್ ಮುಗಿದ ಮೇಲೆ

ಫಲಿತಾಂಶ ಬಂದ ಮೇಲೆ ಗ್ರೂಪನ್ನು ಹಾಗೇ ಬಿಡಬೇಡಿ. ಕೇಳುವವರಿಲ್ಲದ ಗ್ರೂಪಿನಲ್ಲಿ ಸಾಲದ ಆ್ಯಪ್‌ನವರೂ ಬೆಟ್ಟಿಂಗ್‌ನವರೂ ಬಂದು ಕೂರುತ್ತಾರೆ. ನೋಟ್ಸ್‌ಗಳನ್ನು ಕಟ್ಟೆಗೆ ಸಾಗಿಸಿ, ಹಳೆ ಲಿಂಕ್‌ಗಳನ್ನೆಲ್ಲ ರಿವೋಕ್ ಮಾಡಿ, ದೂರಿನ ಬಾಟ್‌ನ ಟೋಕನ್ ಬದಲಿಸಿ, ಕೆಲಸ ಸಿಕ್ಕು ಹೋದ ಅಡ್ಮಿನ್‌ಗಳ ಹಕ್ಕು ತೆಗೆಯಿರಿ. ಗ್ರೂಪಿನ ಒಡೆತನವನ್ನು ಬೇರೆಯವರಿಗೆ ಕೊಡಬೇಕಿದ್ದರೆ ಒಡತಿಯ ಖಾತೆಯಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ ಕನಿಷ್ಠ 7 ದಿನ ಆಗಿರಬೇಕು. ಪೋಸ್ಟಿಂಗ್ ಆರ್ಡರ್ ಬಂದ ದಿನ ಗಡಿಬಿಡಿಯಲ್ಲಿ ಇದು ಆಗುವುದಿಲ್ಲ, ಮೊದಲೇ ಹಾಕಿಸಿಡಿ.